ರುಚಿ ನೋಡದ ಸೌಟು

ಸೌಟಮ್ಮನ ಸುದ್ದಿ ಗುಂಡಿಯವಳ ಕಿವಿಗೆ ಮೊದಲು ಬಿದ್ದದ್ದು ಅಡುಗೆಮನೆಯ ನಲ್ಲಿ ಕೆಟ್ಟ ದಿನ. ಗಂಡ ತೀರಿಹೋಗಿ ಎರಡು ತಿಂಗಳಾಗಿತ್ತು. ಇಪ್ಪತ್ತೆಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದು ಕೆಲಸ ಬಿಟ್ಟವಳಿಗೆ ಮನೆಯಲ್ಲಿ ಕೈಗೆ ಹಚ್ಚಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತ ಕೂತಿರುತ್ತಿದ್ದಳು. ರಿಪೇರಿಗೆ ಬಂದ ನಲ್ಲಿಯವನು ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡೇ ಬೀದಿಯ ಸಮಾಚಾರವನ್ನೆಲ್ಲ ಒಪ್ಪಿಸಿದ.

“ಹಳೇ ಲಾರಿ ಶೆಡ್ಡಿನ ಹಿಂದೆ ನಾವೆಲ್ಲ ಸೇರಿ ತೋಟ ಮಾಡಿದ್ದೀವಲ್ಲ, ನೋಡಿಲ್ವಾ? ಇಪ್ಪತ್ತೆರಡು ಪಾತಿ, ಮನೆಗೊಂದು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರ ಪಾತೀಲಿ ಏನು ಬಂದಿದ್ಯೋ ಅಷ್ಟೂ ಒಂದೇ ಪಾತ್ರೆಗೆ. ಒಲೆ ಮುಂದೆ ಮಾತ್ರ ಸೌಟಮ್ಮ. ಬೇರೆಯವರು ಹತ್ರ ಹೋದ್ರೆ ಮಣಿಕಟ್ಟಿಗೆ ಸೌಟಿನ ಏಟು ಬೀಳುತ್ತೆ.”

“ಅಷ್ಟು ಚೆನ್ನಾಗಿ ಮಾಡ್ತಾರಾ?”

“ಚೆನ್ನಾಗಿ ಅಂದ್ರೆ? ಐವತ್ತು ಜನಕ್ಕೆ ಬೇಯಿಸ್ತಾಳೆ, ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಲ್ಲ. ಉಪ್ಪು ಹಿಡೀತಾಳೆ, ಎಸೀತಾಳೆ, ಮುಗೀತು. ನನ್ನ ಹೆಂಡ್ತಿ ನಾಲ್ಕು ಸಲ ರುಚಿ ನೋಡ್ತಾಳೆ, ಆಮೇಲೂ ನಾನು ನೀರು ಬೆರೆಸ್ಕೊಂಡೇ ತಿನ್ನೋದು.”

ನಲ್ಲಿ ನಿಂತಿತು. ಹತ್ತೊಂಬತ್ತನೇ ಪಾತಿ ಖಾಲಿ ಬಿದ್ದಿದೆ ಎಂಬ ಮಾತನ್ನೂ ಅವನು ಹೇಳಿಹೋದ. ಆ ವಾರವೇ ಅವಳು ಹೋಗಿ ಪಾತಿ ಹಿಡಿದಳು. ತೋಟದ ಕಾರ್ಯದರ್ಶಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಕಿವಿಯ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದುದರಿಂದ ಎಲ್ಲರಿಗೂ ಪೆನ್ಸಿಲ್ ಸಾಹೇಬ. ಯಾರು ನೀರು ಹಾಯಿಸಿದರು, ಯಾರು ಕಳೆ ಕೀಳದೆ ತಪ್ಪಿಸಿಕೊಂಡರು ಎಲ್ಲ ಅವನ ಪುಸ್ತಕದಲ್ಲಿತ್ತು. ಅವಳ ಕೆಲಸ ಕೇಳಿ ‘ಗುಂಡಿಯವಳು’ ಎಂದು ಬರೆದುಕೊಂಡ. ಹೆಸರು ಕೇಳುವುದು ಅವನಿಗೆ ಹೊಳೆಯಲಿಲ್ಲ, ಹೇಳುವುದು ಇವಳಿಗೂ ಹೊಳೆಯಲಿಲ್ಲ.

ಸೌಟಮ್ಮ ಆಗಲೇ ಅರವತ್ತು ದಾಟಿದ್ದಳು. ಸೋಪಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತಾರು ವರ್ಷ ಆರುನೂರು ಬಾಯಿಗೆ ಬೇಯಿಸಿ ಹಾಕಿದ ಹೆಂಗಸು. ಮೊಣಕೈವರೆಗೆ ಸುಟ್ಟ ಕಲೆಗಳು, ಗಂಟಲು ಗಂಡಸಿನದು. ಕ್ಯಾಂಟೀನು ಬಿಡುವಾಗ ಕೈಗಡಿಯಾರ ಕೊಡುತ್ತೇವೆಂದರೆ ಬೇಡವೆಂದು ತನ್ನ ಸೌಟು ಕೇಳಿ ತಂದಿದ್ದಳು. ತೋಳುದ್ದದ ಕಬ್ಬಿಣದ ಸೌಟು, ಅವಳ ಬೆರಳಿನ ಅಳತೆಗೆ ಹಿಡಿ ಸವೆದಿತ್ತು. ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡೇ ತೋಟಕ್ಕೆ ಬರುವಳು. ಇದ್ದದ್ದು ಮಗಳ ಮನೆಯಲ್ಲಿ. ಅಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಒಲೆ ಮಾತ್ರ ಮಗಳದ್ದು. “ಅಮ್ಮಾ, ನೀನು ಸುಮ್ನೆ ಕೂತ್ಕೋ” ಎಂದು ಮಗಳು ಪ್ರೀತಿಯಿಂದಲೇ ಹೇಳುತ್ತಿದ್ದಳು, ದಿನಕ್ಕೆ ನಾಲ್ಕು ಸಲ.

ಗುಂಡಿಯವಳಿಗೆ ಮಣ್ಣಿನ ಕೆಲಸ ಗೊತ್ತಿರಲಿಲ್ಲ. ಆದರೆ ಬಗ್ಗಿ ಕೂತು ಒಂದೇ ಕೆಲಸವನ್ನು ಸಾವಿರ ಸಲ ಮಾಡುವುದು ಗೊತ್ತಿತ್ತು, ಅಷ್ಟು ಸಾಕಾಯಿತು. ಆ ಮಳೆಗಾಲ ಗೊಬ್ಬರದ ರಾಶಿಯ ಅಂಚಿನಲ್ಲಿ ಒಂದು ಸೋರೆಯ ಸಸಿ ತಾನಾಗಿ ಎದ್ದಿತು. ಹಳಬರು ಅಂಥದ್ದನ್ನು ಕಂಡರೆ ಕಿತ್ತು ಎಸೆಯುತ್ತಾರೆ. ಯಾವ ಕಾಯಿಯ ಬೀಜವೋ, ಯಾವ ಹೂವಿನ ಪುಡಿ ಬಿದ್ದದ್ದೋ, ಫಲ ಹೇಗಿರುತ್ತದೆಂದು ಹೇಳುವಂತಿಲ್ಲ. ಅವಳಿಗೆ ಅದು ತಿಳಿಯದು. ತಬ್ಬಲಿ ಬಳ್ಳಿ ಎಂದು ಬುಡಸಮೇತ ಎತ್ತಿ ತನ್ನ ಪಾತಿಗೆ ತಂದು ನೆಟ್ಟಳು, ಕೋಲು ಕೊಟ್ಟಳು. ನಾಲ್ಕು ಕಾಯಿ ಬಿಟ್ಟಿತು, ಒಂದೊಂದೂ ನೋಡಲು ಚಿತ್ರದ ಹಾಗೆ.

ಭಾನುವಾರ ಆ ನಾಲ್ಕನ್ನೂ ಮಡಿಲಿಗೆ ಹಾಕಿಕೊಂಡು ಒಲೆಯ ಹತ್ತಿರ ಹೋದಳು. ಸೋರೆ, ಸೌತೆ, ಹೀರೆ ಯಾವುದಾದರೂ ಹೆಚ್ಚುವ ಮೊದಲು ತೊಟ್ಟಿನ ಕಡೆಯ ಚೂರು ಕಚ್ಚಿ ಕಹಿ ನೋಡಬೇಕು. ಬೆಂದದ್ದನ್ನು ರುಚಿ ನೋಡದಿದ್ದರೂ ಈ ಹಸಿ ಕಾಯಿಯ ಚೂರನ್ನು ಸೌಟಮ್ಮ ಎಲ್ಲರೆದುರೇ ಕಚ್ಚುತ್ತಿದ್ದಳು. ಅವತ್ತೂ ಒಂದೊಂದು ಕಾಯಿಯಿಂದ ಚೂರು ಕೊಯ್ದು ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು, ನುಂಗಿದಳು.

“ಸಿಹಿಯಾಗಿದೆ ಕಣೇ. ಮೊದಲ್ನೇ ಬೆಳೆಗೇ ಜೋರಾಗಿದ್ದೀಯ,” ಎಂದಳು.

ಗುಂಡಿಯವಳು ಹಿಗ್ಗಿ ಬೆಂಚಿನ ಮೇಲೆ ಜಾಗ ಹಿಡಿದು ಕೂತಳು. ಬಡಿಸಿದ್ದಾಯಿತು. ಮೊದಲ ತುತ್ತನ್ನು ಪೆನ್ಸಿಲ್ ಸಾಹೇಬ ಬಾಯಿಗಿಟ್ಟ, ಮುಖ ಕಿವುಚಿ ಎದ್ದು ಹೋಗಿ ಬೇಲಿಯ ಮೇಲೆ ಉಗಿದ. ಹಿಂದೆಯೇ ಐವತ್ತು ಜನ ಬೇಲಿ ಹುಡುಕಿದರು.

“ವಿಷ! ಬರೀ ವಿಷ!” ಎಂದು ನಲ್ಲಿಯವನು ನಾಲಿಗೆ ಒರೆಸಿಕೊಂಡ. “ನನ್ನ ಹೆಂಡ್ತಿ ಅಡುಗೆಗೆ ಕೈ ಮುಗಿದೆ ಇವತ್ತು!”

“ಸೋರೆ ಯಾರದ್ದು?” ಪೆನ್ಸಿಲ್ ಕಿವಿಯಿಂದ ಕೈಗೆ ಬಂದಿತ್ತು. “ಹತ್ತೊಂಬತ್ತನೇ ಪಾತಿ. ಏನಮ್ಮಾ, ಗೊಬ್ಬರದ ರಾಶಿಯ ಬಳ್ಳಿ ತಂದು ನೆಟ್ಟಿದ್ದು ನಿಜಾನಾ? ಕೊಡೋ ಮುಂಚೆ ಕಚ್ಚಿ ನೋಡ್ಲಿಲ್ವಾ?”

ಗುಂಡಿಯವಳು ಬಾಯಿ ತೆರೆದಳು. ಅಕ್ಕನೇ ನಾಲ್ಕೂ ಕಚ್ಚಿ ನೋಡಿದ್ದಾರೆ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಸೌಟಮ್ಮನ ಮುಖ ಕಂಡಿತು. ಅವಳು ತನ್ನ ತಟ್ಟೆಯಿಂದ ಒಂದು ತುತ್ತು ತಿಂದು, ಮತ್ತೊಂದು ತುತ್ತು ತಿಂದು, ಏನೋ ಹುಡುಕುವವಳ ಹಾಗೆ ಅಗಿಯುತ್ತಿದ್ದಳು.

ಆ ಮುಖ ಗುಂಡಿಯವಳಿಗೆ ಪರಿಚಯದ್ದು. ಕೊನೆಯ ನಾಲ್ಕು ತಿಂಗಳು ಗಂಡ ಔಷಧಿ ಕುಡಿದರೂ ಗಂಜಿ ಕುಡಿದರೂ ಕಿತ್ತಳೆ ತಿಂದರೂ ಅದೇ ಮುಖ ಮಾಡಿ “ಚೆನ್ನಾಗಿದೆ” ಎನ್ನುತ್ತಿದ್ದ. ಕಾಯಿಲೆ ಅವನ ನಾಲಿಗೆಯನ್ನು ಮೊದಲು ಕೊಂಡೊಯ್ದಿತ್ತು.

“ನೋಡ್ಲಿಲ್ಲ ಸಾಹೇಬ್ರೇ. ತಪ್ಪು ನಂದು,” ಎಂದಳು.

ಅವತ್ತಿನದೂ ಸೇರಿ ನಾಲ್ಕು ಊಟದ ಭಾನುವಾರ ಪಾತ್ರೆ ತಿಕ್ಕುವುದು ಶಿಕ್ಷೆಯಾಯಿತು. ಅದು ಮುಗಿದರೂ ‘ಕಹಿಯಮ್ಮ’ ಎಂಬ ಹೆಸರು ಮುಗಿಯಲಿಲ್ಲ. ಪೆನ್ಸಿಲ್ ಸಾಹೇಬ ಪುಸ್ತಕದಲ್ಲಿ ‘ಗುಂಡಿಯವಳು’ ಹೊಡೆದು ಅದನ್ನೇ ಬರೆದುಕೊಂಡ.

ಆ ಸೋರೆಕಾಯಿಯ ದಿನವೇ ಸಂಜೆಗೆ ಮುಂಚೆ ಎಲ್ಲ ಹೋದ ಮೇಲೆ ಅವಳು ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕುತ್ತಿದ್ದಾಗ ಹೊರಗೆ ಎರಡು ಕಾಲು ಬಂದು ನಿಂತವು.

“ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ ಅಕ್ಕಾ?” ಪಾತ್ರೆಯೊಳಗಿಂದ ಮಾತು ದೊಡ್ಡದಾಗಿ ಕೇಳಿಸಿತು.

“ಮೆತ್ತಗೆ ಮಾತಾಡೇ, ಬೀದಿಗೆಲ್ಲ ಕೇಳುತ್ತೆ.” ಸೌಟಮ್ಮ ಬಕೆಟ್ ಬೋರಲು ಹಾಕಿ ಕೂತಳು. “ಎರಡು ವರ್ಷ ಆಯ್ತು. ಒಂದು ಜ್ವರ ಬಂತು, ಹೋಗುವಾಗ ಬರಿಗೈಲಿ ಹೋಗ್ಲಿಲ್ಲ, ರುಚಿ ಹೊತ್ಕೊಂಡು ಹೋಯ್ತು. ಆಮೇಲೆ ಸಕ್ಕರೆನೂ ಮರಳೇ, ಉಪ್ಪೂ ಮರಳೇ. ಉಪ್ಪು ನನ್ನ ಕೈಗೆ ಗೊತ್ತು, ಹುಣಿಸೆ ಗೊತ್ತು. ಆರುನೂರು ಜನಕ್ಕೆ ಹಾಕಿದ ಕೈ. ಕಾಯಿಯೊಳಗಿನ ಕಹಿ ಯಾವ ಕೈಗೆ ಗೊತ್ತಾಗುತ್ತೆ ಹೇಳು?”

“ಮಗಳಿಗೆ?”

“ಗೊತ್ತಿಲ್ಲ. ಅವಳಿಗೆ ಗೊತ್ತಾದ್ರೆ ಇವರಿಗೂ ಗೊತ್ತಾಗುತ್ತೆ. ಇವರಿಗೆ ಗೊತ್ತಾದ್ರೆ ಕುರ್ಚಿ ಹಾಕಿ ಗೌರವವಾಗಿ ಕೂರಿಸ್ತಾರೆ. ಕೂರೋದಕ್ಕೆ ನಂಗೆ ಮನೇಲಿ ಕುರ್ಚಿ ಇದೆ. ಇಲ್ಲಿ ಒಲೆ ಇದೆ.”

ಗುಂಡಿಯವಳು ಪಾತ್ರೆಯಿಂದ ಹೊರಬಂದಳು. ಮೂಗಿನ ಮೇಲೆ ಮಸಿ ಮೆತ್ತಿತ್ತು. “ಮುಂದಿನ ಸಲ ನಾನು ಪಕ್ಕದಲ್ಲೇ ಹೆಚ್ಚೋಕೆ ಕೂತ್ಕೋತೀನಿ,” ಎಂದಳು.

ಹೀಗೆ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಕಾಯಿ ಕಚ್ಚುವುದು ಅವಳ ಪಾಲಿಗೆ ಬಂತು. ಕಹಿಯಮ್ಮ ಈಗ ಎಲ್ಲವನ್ನೂ ಕಚ್ಚಿಯೇ ಕಚ್ಚುತ್ತಾಳೆ, ಪಾಠ ಕಲಿತಿದ್ದಾಳೆ ಎಂದು ಜನ ನಕ್ಕರು. ಪಾತ್ರೆ ಕುದಿಯುವಾಗ ಹಸಿವು ತಡೆಯದವಳ ಹಾಗೆ ಬ್ರೆಡ್ಡಿನ ಅಂಚು ಅದ್ದಿ ತಿನ್ನುತ್ತಿದ್ದಳು. ಹೊಟ್ಟೆಬಾಕಿ ಎಂಬ ಬಿರುದೂ ಸೇರಿತು. ಆಮೇಲೆ ತಲೆಯೆತ್ತಿ ಹವಾಮಾನದ ಮಾತಾಡುವಳು. ಬಿಸಿಲು ಜಾಸ್ತಿ ಎಂದರೆ ಉಪ್ಪು ಮೇಲಾಗಿದೆ. ಮೋಡ ಎಂದರೆ ಸಪ್ಪೆ. ಗಾಳಿ ಎಂದರೆ ಹುಳಿ. ಸೌಟಮ್ಮ ಆಕಾಶ ನೋಡದೆಯೇ ಹಿಡಿ ಉಪ್ಪು ಹಾಕುವಳು, ಇಲ್ಲವೇ ಒಂದು ಚೊಂಬು ನೀರು ಸುರಿಯುವಳು. ಒಂದು ಸಲ ಸುಡುಬಿಸಿಲಲ್ಲಿ “ಮೋಡ ಅಕ್ಕಾ, ತುಂಬಾ ಮೋಡ” ಎಂದಾಗ ಪೆನ್ಸಿಲ್ ಸಾಹೇಬ ಕೊಡೆ ತರಲು ಮನೆಗೆ ಹೋಗಿದ್ದ.

ಇಬ್ಬರೂ ಈ ವಿಷಯವನ್ನು ಮತ್ತೆ ಎತ್ತಲಿಲ್ಲ. ಸೌಟಮ್ಮ ಉಪಕಾರದ ಮಾತಾಡುವವಳಲ್ಲ. ಬಡಿಸುವಾಗ ಕಹಿಯಮ್ಮನ ತಟ್ಟೆಗೆ ಪಾತ್ರೆಯ ತಳದ ಗಟ್ಟಿ ಬೀಳುತ್ತಿತ್ತು, ಅಷ್ಟೆ.

ಒಂಬತ್ತನೇ ವರ್ಷದ ಕೊನೆಗೆ ಸೌಟಮ್ಮನ ಹೃದಯ ದಣಿಯಿತು. ಕಾಲು ಊದಿದವು, ಎರಡು ತಿಂಗಳು ತೋಟಕ್ಕೆ ಬರಲಿಲ್ಲ. ಆ ಎರಡು ಭಾನುವಾರ ಒಬ್ಬೊಬ್ಬರು ಒಂದೊಂದು ತರಹ ಬೇಯಿಸಿ ಜಗಳವಾಡಿದರು. ಮೂರನೆಯದಕ್ಕೆ ಬರುತ್ತೇನೆಂದು ಅವಳೇ ಹೇಳಿ ಕಳಿಸಿದಳು. ನಡೆಯಲಾಗುತ್ತಿರಲಿಲ್ಲವಾದ್ದರಿಂದ ನಲ್ಲಿಯವನು ಗೊಬ್ಬರದ ತಳ್ಳುಗಾಡಿಯಲ್ಲಿ ಗೋಣಿಚೀಲ ಹಾಸಿ ಕೂರಿಸಿಕೊಂಡು ಬಂದ.

“ನೋಡ್ರಪ್ಪಾ, ಕೊನೆಗೂ ಒಳ್ಳೇ ಗೊಬ್ಬರ ಬಂತು,” ಎಂದು ಅವಳೇ ಕೂಗಿದಳು.

ಪಾತ್ರೆ ಕುದಿಯುತ್ತಿದ್ದ ಒಲೆಯ ಪಕ್ಕ ಕುರ್ಚಿ ಹಾಕಿದರು. ಕೂತಳು. ಕಂಕುಳಲ್ಲಿದ್ದ ಸೌಟಿನ ಬಟ್ಟೆ ಬಿಚ್ಚಿ ಕಹಿಯಮ್ಮನತ್ತ ನೀಡಿದಳು. ಅವಳು ಹೆಚ್ಚುವ ಕತ್ತಿ ಬಿಟ್ಟು ಎದ್ದಳು, ಆದರೆ ಕೈ ಚಾಚಲಿಲ್ಲ.

ಪೆನ್ಸಿಲ್ ಸಾಹೇಬ ಗಂಟಲು ಸರಿಮಾಡಿಕೊಂಡ. “ಸೌಟಮ್ಮಾ, ಬೇಜಾರು ಮಾಡ್ಕೋಬೇಡಿ. ಒಲೆ ಯಾರಿಗೆ ಅಂತ ನಾವೆಲ್ಲ ಕೂತು ಮಾತಾಡೋಣ. ಕಹಿಯಮ್ಮ ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದ್ರೆ ಆ ಸೋರೆಕಾಯಿ ಯಾರೂ ಮರೆತಿಲ್ಲ. ಪುಸ್ತಕದಲ್ಲೂ ಇದೆ.”

ಸೌಟಮ್ಮ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

“ಪೆನ್ಸಿಲ್ ತೆಗಿ, ಬರ್ಕೋ,” ಎಂದಳು. “ನನ್ನ ನಾಲಿಗೆ ಸತ್ತು ಹನ್ನೊಂದು ವರ್ಷ ಆಯ್ತು. ಆ ನಾಲ್ಕು ಕಾಯೀನೂ ಕಚ್ಚಿ ನೋಡಿ ಸಿಹಿ ಅಂದವಳು ನಾನು. ಬೈಸ್ಕೊಂಡು ಪಾತ್ರೆ ತಿಕ್ಕಿದವಳು ಇವಳು. ಅವತ್ತಿಂದ ನೀವು ಹೊಗಳಿ ತಿಂದಿದ್ದೆಲ್ಲ ಇವಳ ನಾಲಿಗೆ, ನನ್ನ ಕೈ.”

ನಲ್ಲಿಯವನು ತಟ್ಟೆ ಕೆಳಗಿಟ್ಟು, “ಅದಕ್ಕೇನಾ ಆ ಮೋಡ?” ಎಂದ, ಯಾರನ್ನೂ ಕೇಳದವನ ಹಾಗೆ. ಪೆನ್ಸಿಲ್ ಸಾಹೇಬ ಪುಸ್ತಕ ತೆರೆದ, ಹಳೆಯ ಪುಟ ಹುಡುಕಿ ಏನನ್ನೋ ಹೊಡೆದುಹಾಕಿದ.

ಕಹಿಯಮ್ಮ ಸೌಟು ತೆಗೆದುಕೊಂಡಳು. ಹಿಡಿ ಬೇರೊಬ್ಬರ ಬೆರಳಿಗೆ ಸವೆದದ್ದು, ಅವಳ ಕೈಗೆ ಸರಿಯಾಗಿ ಕೂರಲಿಲ್ಲ. ಪಾತ್ರೆಗೆ ಇಳಿಸಿ ತಳ ಸೇರುವಂತೆ ಎರಡು ಸುತ್ತು ತಿರುವಿದಳು. ಅಭ್ಯಾಸಬಲದಿಂದ ಬ್ರೆಡ್ಡಿನ ಅಂಚು ಅದ್ದಿ ಬಾಯಿಗಿಟ್ಟು ಆಕಾಶ ನೋಡಿದಳು.

“ಸ್ವಲ್ಪ ಮೋಡ ಅಕ್ಕಾ,” ಎಂದಳು.

ಸೌಟಮ್ಮ ಮುಂದಿನ ಭಾನುವಾರಕ್ಕೆ ಇರಲಿಲ್ಲ. ಹಾಗಾಗಿ ಅವತ್ತು ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಐವತ್ತು ಜನಕ್ಕೂ ಕೇಳಿಸುವಂತೆ ಕ್ಯಾಂಟೀನಿನ ಗಂಟಲಲ್ಲಿ ಅವಳು ಹೇಳಿದ ಮಾತೇ ಕೊನೆಯದಾಯಿತು.

“ಮೋಡಗೀಡ ಎಲ್ಲ ಇನ್ನು ಸಾಕು ಕಣೇ. ಉಪ್ಪು ಹೇಗಿದೆ, ಬಾಯಿಬಿಟ್ಟು ಹೇಳು.”