ಅಜೀಜಾಬಿಯ ಪೆಟ್ಟಿಗೆಗೆ ಮಸ್ಕತ್ತಿನ ತಟ್ಟೆ

ಧಪ್, ಧಪ್, ಧಪ್. ನವಲಗುಂದದ ನಮ್ಮ ಓಣಿಗೆ ಬೆಳಗಾಗುವುದು ಈ ಸದ್ದಿನಿಂದ. ಜಮಖಾನ ನೇಯುವ ಹೆಂಗಸರು ನೂಲನ್ನು ಬಿಗಿಯಾಗಿ ಕೂರಿಸಲು ಕಬ್ಬಿಣದ ಪಂಜಾದಿಂದ ಬಡಿಯುತ್ತಾರೆ. ಬಾಜು ಮನೆಯ ಪಂಜಾ ನಡುವೆಯೇ ನಿಂತರೆ, ಅಜೀಜಾಬಿ ಮಗ್ಗ ಬಿಟ್ಟು ತನ್ನ ಪೆಟ್ಟಿಗೆಯ ಮುಂದೆ ಕುಳಿತಿದ್ದಾಳೆ ಎಂದೇ ಅರ್ಥ.

ಪೆಟ್ಟಿಗೆ ಎಂದರೆ ಆಂಪ್ಲಿಫೈಯರ್. ಆಕೆಯ ಗಂಡ ಮಾಬುಸಾಬ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕೆಲಸ ಆಕೆಯದಾಗಿತ್ತು. ನೂಲು ಸುತ್ತಿದ ಕೈಗೆ ತಾಮ್ರದ ತಂತಿ ಬೇಗ ಒಗ್ಗಿತು. ಆತ ತೀರಿಕೊಂಡ ಮೇಲೆ ಅಂಗಡಿಯ ಸಾಮಾನೆಲ್ಲ ಮನೆಗೆ ಬಂತು. ಅದರಲ್ಲೇ ಆರಿಸಿ, ಹಳೆಯ ಹಲಗೆಗಳ ಪೆಟ್ಟಿಗೆಯೊಳಗೆ ಆಕೆ ಒಬ್ಬಳೇ ಕೂಡಿಸಿದ ಆಂಪ್ಲಿಫೈಯರ್ ಅದು. ಟೇಪಿನ ಹಾಡು ಓಣಿಯ ಅಷ್ಟೂ ಮಗ್ಗಗಳಿಗೆ ಕೇಳುತ್ತಿತ್ತು. ತಂಗಿಯ ಮಗಳು ಫಾತಿಮಾಬಿಯ ಮದುವೆಯಲ್ಲಿ ಇದೇ ಪೆಟ್ಟಿಗೆ ಹಾಡುತ್ತದೆ ಎಂದು ಆ ಹುಡುಗಿಗೆ ಮಾತು ಕೊಟ್ಟಿದ್ದಳು.

ಅದು ೧೯೮೮. ಮದುವೆಗೆಂದು ಮಸ್ಕತ್ತಿನಿಂದ ಬಂದ ಫಾತಿಮಾಬಿಯ ಅಣ್ಣ ಸಿರಾಜುದ್ದೀನ ಒಂದು ಸಿಡಿ ಪ್ಲೇಯರ್ ತಂದಿದ್ದ. ಕನ್ನಡಿಯಂತೆ ಹೊಳೆಯುವ ತಟ್ಟೆ. ಮುಳ್ಳು ತಾಗದೆ, ಬರೀ ಬೆಳಕಿನಿಂದಲೇ ಹಾಡುತ್ತದಂತೆ. ಅಂದೇ ಇದ್ದ ಅರಿಶಿನದ ಸಂಜೆಗೆ ಅದನ್ನೇ ಹಚ್ಚಬೇಕೆಂದು ಅವನ ಆಸೆ. ನಮ್ಮವ್ವ ಶಿವಗಂಗವ್ವ ಮೆಂತ್ಯಸೊಪ್ಪು ಬಿಡಿಸುತ್ತ ಅಜೀಜಾಬಿಯ ಮನೆಯಲ್ಲೇ ಕುಳಿತಿದ್ದರಿಂದ ಖಾಲಾ, ಅಂದರೆ ದೊಡ್ಡವ್ವ, ಮತ್ತು ತಂಗಿಯ ಮಗನ ಮಾತು ಉರ್ದು ಬಿಟ್ಟು ಕನ್ನಡದಲ್ಲೇ ನಡೆಯಿತು.

"ಖಾಲಾ, ನಿನ್ನ ಪೆಟ್ಟಿಗಿಗೆ ಇದು ಹೊಂದಂಗಿಲ್ಲ. ಇದರಾಗ ಎಡಕ್ಕೊಂದು ಬಲಕ್ಕೊಂದು, ಎರಡು ದನಿ ಅದಾವು. ಹುಬ್ಬಳ್ಳಿಗೆ ಹೋಗಿ ಬಾಡಗಿ ಸೆಟ್ ತರ್ತೀನಿ."

"ಎರಡು ಎತ್ತು ಒಂದ ನೊಗಕ್ಕ ಹೂಡಂಗಿಲ್ಲೇನಲೇ? ತಾ ಇತ್ತ."

ಪ್ಲೇಯರಿನ ಎಡ ಬಲದ ಎರಡೂ ತಂತಿಗಳಿಗೆ ಒಂದೊಂದು ರೆಸಿಸ್ಟರ್ ಬೆಸೆದು, ತುದಿ ಸೇರಿಸಿ, ಪೆಟ್ಟಿಗೆಗೆ ಕೊಟ್ಟಳು. ಸಿರಾಜುದ್ದೀನ ಗುಂಡಿ ಒತ್ತಿದ. ಏನೂ ಕೇಳಲಿಲ್ಲ.

ಟೇಪಿನಲ್ಲಾದರೆ ಹಾಡಿಗಿಂತ ಮೊದಲು ಸರಸರ ಸದ್ದು ಬರುತ್ತದೆ. ಅಜೀಜಾಬಿ ಯಾವಾಗಲೂ ಆ ಸರಸರ ಕೇಳಿಯೇ ದನಿಯ ಅಳತೆ ಹಿಡಿಯುತ್ತಿದ್ದಳು. ಇಂದು ಅದಿಲ್ಲ. ತಿರುಗಣೆ ಸ್ವಲ್ಪ ತಿರುಗಿಸಿದಳು. ಇಲ್ಲ. ಇನ್ನಷ್ಟು ತಿರುಗಿಸಿದಳು. ತಂತಿ ಕೂತಿಲ್ಲವೆಂದುಕೊಂಡು ಕೊನೆಯವರೆಗೂ ತಿರುಗಿಸಿದಳು.

ಆಗ ಹಾಡು ಬಂತು. ಗೋಡೆಯ ಮೊಳೆಗೆ ತೂಗಿದ್ದ ಜರಡಿ ಕೆಳಗೆ ಬಿತ್ತು; ಸ್ಪೀಕರಿನ ಕಾಗದ ಪರ್ರನೆ ಹರಿಯಿತು.

"ಅಜೀಜಾ, ಮದಿಮಗನ ಊರಿಗೂ ಮುಟ್ಟಿತು ನೋಡು," ಎಂದು ನಮ್ಮವ್ವ ಸೆರಗಿನಲ್ಲಿ ನಕ್ಕಳು.

"ಇದರಾಗ ಸರಸರ ಇರಂಗಿಲ್ಲ ಖಾಲಾ. ಸುಮ್ಮನಿದ್ರ ಪೂರಾ ಸುಮ್ಮನ."

"ಮೊದಲ ಹೇಳಾಕ ನಾಲಿಗಿ ಮಸ್ಕತ್ತಿನಾಗ ಬಿಟ್ಟು ಬಂದೀಯೇನು?"

ಅವನು ಚಪ್ಪಲಿ ಮೆಟ್ಟಿದ. ಸಂಜೆಯೊಳಗೆ ಸೆಟ್ ಬರಬೇಕಾದರೆ ಮುಂದಿನ ಬಸ್ಸಿಗೇ ಹೊರಡಬೇಕು.

"ಬಸ್ ಬರೂತನಕ ಕುಂದರು," ಎಂದಳು ಅಜೀಜಾಬಿ. ಅವನು ಕಟ್ಟೆಯ ಮೇಲೆ ಕುಳಿತ.

ತೆಳು ಮಲ್ಲು ಬಟ್ಟೆಯ ಚೂರನ್ನು ಹುಣಸೆಬೀಜದ ಗಂಜಿಯಲ್ಲಿ ಅದ್ದಿ, ಹರಿದ ಕಾಗದಕ್ಕೆ ಹಿಂದೂ ಮುಂದೂ ಅಂಟಿಸಿ ಬಿಸಿಲಿಗಿಟ್ಟಳು. ಒಣಗಿದ ಮೇಲೆ ತಿರುಗಣೆಯನ್ನು ಪೂರಾ ಇಳಿಸಿ, ಹಾಡು ಶುರುವಾದ ಮೇಲೆಯೇ ಮೆಲ್ಲಗೆ ಏರಿಸಿದಳು. ತೊಳೆದ ತಾಟಿನಂಥ ದನಿ. ಹಾಡು ಮುಗಿಯಿತು. ಮುಂದಿನ ಹಾಡಿಗೆ ಮೊದಲಿನ ಆ ನಿಶ್ಶಬ್ದದಲ್ಲಿ 'ಗುಂಯ್' ಎಂಬ ಸಣ್ಣ ಗುನುಗು ಉಳಿಯಿತು.

ಅಜೀಜಾಬಿ ತಲೆ ಓರೆ ಮಾಡಿ ಕೇಳಿದಳು. "ಇದು ತಟ್ಟೀದಲ್ಲ, ನನ್ನ ಪೆಟ್ಟಿಗೀದು. ಇಷ್ಟ ವರ್ಷ ಟೇಪಿನ ಸರಸರದಾಗ ಮುಚ್ಚಿಹೋಗಿತ್ತು."

"ಮದವಿ ಗದ್ದಲದಾಗ ಯಾರು ಕೇಳ್ತಾರ, ಬಿಡು."

"ನಾ ಕೇಳ್ತೀನಿ."

ಕರೆಂಟು ತೆಗೆದು, ಗುನುಗಿಗೆ ಮೂಲವಾಗಿದ್ದ, ತಾನೇ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯೊಳಗಿಂದ ಬಿಚ್ಚಿದಳು. ಅದನ್ನು ಬೇರೊಂದು ಹಲಗೆಗೆ ಬಿಗಿದು ಉದ್ದನೆಯ ತಂತಿ ಜೋಡಿಸಿದಳು. ಮತ್ತೆ ಕರೆಂಟು ಕೊಟ್ಟು, ಹಲಗೆಯನ್ನು ಪೆಟ್ಟಿಗೆಯಿಂದ ದೂರ ದೂರ ಸರಿಸುತ್ತ ಹೋದಳು. ಗುನುಗು ಇಳಿಯಿತು, ಇನ್ನೂ ಇಳಿಯಿತು, ಇಲ್ಲವಾಯಿತು.

ಸಿರಾಜುದ್ದೀನ ಒಳಗೆ ಬಂದು ಸ್ಪೀಕರಿಗೆ ಕಿವಿ ಹಚ್ಚಿದ. ಹೊರಗೆ ಹುಬ್ಬಳ್ಳಿ ಬಸ್ಸಿನ ಹಾರ್ನು ಕೇಳಿತು.

"ಬಸ್ ಬಂತಪಾ," ಎಂದಳು ನಮ್ಮವ್ವ.

"ಹೋಗಲಿ ಬಿಡ್ರಿ ಅವ್ವಾರ," ಎಂದು ಅವನು ಪ್ಲೇಯರನ್ನು ಕಂಕುಳಲ್ಲಿಟ್ಟು, ಸ್ಪೀಕರನ್ನು ಹೆಗಲಿಗೇರಿಸಿ ಮದುವೆಮನೆಯ ಕಡೆ ನಡೆದ.

ಅಜೀಜಾಬಿ ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹಲಗೆ ಕೈಯಲ್ಲಿ ಹಿಡಿದಳು. ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗೆಂದು ನಮ್ಮವ್ವ ಕರೆಯುವಷ್ಟರಲ್ಲಿ ಹೊಸ್ತಿಲು ದಾಟಿದ್ದಳು.

"ಅಲ್ಲೇ ಕುಡಿಯೂಣು ಬಾ, ಶಿವಗಂಗವ್ವ. ಹಂದರದ ತುದೀಗೆ ನಿಂತು, ಅಡಗಿ ಮಾಡೋರಿಗೂ ಕೇಳ್ತೈತೋ ಇಲ್ಲೋ ನೋಡಿ ನನಗ ಕೈ ಮಾಡು, ಇಲ್ಲಾಂದ್ರ ನಾ ಸ್ಪೀಕರ್ ಎತ್ತಿ ಆ ಬೇವಿನ ಗಿಡದ ಟೊಂಗಿಗೆ ಕಟ್ತೀನಿ."