ಸಬೀನಾ ಇಲ್ಲದ ಸಬೀನಾ ಹೋಟೆಲು

ಲಿಮಾದ ಗಮಾರಾ ಬಟ್ಟೆಪೇಟೆಯ ಒಂದು ತಿರುವಿನಲ್ಲಿ ಹೋಟೆಲೊಂದಿದೆ. ಬಾಗಿಲ ಮೇಲೆ ಆಳೆತ್ತರದ ಬೋರ್ಡು. ಎರಡು ಜಡೆ ಹಾಕಿ, ಕೈಯಲ್ಲಿ ಸೌಟು ಹಿಡಿದು ನಗುತ್ತಿರುವ ಮುದುಕಿಯ ಚಿತ್ರ. ಅದರ ಕೆಳಗೆ ‘ದೋನ್ಯಾ ಸಬೀನಾಳ ಅಡಿಗೆಮನೆ’ ಎಂದು ಕೆಂಪು ಅಕ್ಷರ. ದೋನ್ಯಾ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ. ನಾನು ಈ ಪೇಟೆಯ ಹಮಾಲಿ. ದಿನಕ್ಕೆ ಹತ್ತು ಸಲ ಬೆನ್ನ ಮೇಲೆ ಬಟ್ಟೆಯ ಥಾನು ಹೊತ್ತು ಅದರ ಮುಂದೆ ಹಾದುಹೋಗುತ್ತೇನೆ, ಹತ್ತು ಸಲವೂ ಮೈ ಉರಿಯುತ್ತದೆ. ಆ ಹೋಟೆಲಿನ ಪಾತ್ರೆಗಳನ್ನು ದೋನ್ಯಾ ಸಬೀನಾ ಮುಟ್ಟಿ ನಾಲ್ಕು ವರ್ಷವಾಯಿತು. ಆಕೆಯ ನಗು ಮಾತ್ರ ಅಲ್ಲೇ ಉಳಿದಿದೆ.

ಅದನ್ನು ಬೋರ್ಡಿಗೆ ಏರಿಸಿದವನು ನನ್ನ ಕಂಪಾದ್ರೆ ನೆಪ್ತಾಲಿ. ನನ್ನ ಮಗಳು ಯೆಸೇನಿಯಾಳ ಜ್ಞಾನಸ್ನಾನದ ದಿನ ಅವಳನ್ನು ತೋಳಲ್ಲಿ ಎತ್ತಿಕೊಂಡು ಪಾದ್ರಿಯ ಮುಂದೆ ನಿಂತವನು. ನಮ್ಮಲ್ಲಿ ಹಾಗೆ ನಿಂತವನು ಮಗುವಿಗೆ ಎರಡನೇ ಅಪ್ಪ, ಅಪ್ಪನಿಗೆ ಒಡಹುಟ್ಟಿದವನಿಗಿಂತ ಹತ್ತಿರದವನು. ಅವನ ಮಾತು ತೆಗೆದುಹಾಕುವಂತಿಲ್ಲ. ಅದೇ ನನ್ನನ್ನು ಕೆಡಿಸಿತು. ಇನ್ನೊಂದು ಸಂಗತಿಯೂ ಕೆಡಿಸಿತು, ಅದನ್ನು ಮುಂದೆ ಹೇಳುತ್ತೇನೆ.

ಗಮಾರಾದಲ್ಲಿ ಊಟಕ್ಕೇನೂ ಬರವಿಲ್ಲ, ಹೆಜ್ಜೆಗೊಂದು ಹೋಟೆಲು. ಆದರೆ ಎಂಟು ಸೋಲ್ ದುಡ್ಡು ಕೊಟ್ಟು ಹೊಟ್ಟೆ ತುಂಬ ಒಳ್ಳೆಯದನ್ನು ತಿನ್ನಬೇಕೆಂದರೆ ಜಾಗ ಹುಡುಕಲು ಬರಬೇಕು. ನನಗೆ ಬರುತ್ತಿತ್ತು. ಗೋಡೆಯ ಮೇಲೆ ತಟ್ಟೆಗಳ ಫೋಟೊ ಅಂಟಿಸಿದ್ದರೆ ಒಳಗೆ ಹೋಗಬಾರದು. ಬಾಗಿಲಲ್ಲಿ ನಿಂತು ಕೈ ಹಿಡಿದು ಎಳೆದರಂತೂ ಓಡಬೇಕು. ಮೇಜಿನ ಮೇಲಿನ ಮೆಣಸಿನ ಚಟ್ನಿಗೆ ಕೆನೆ ಕಟ್ಟಿದ್ದರೆ ಅದು ನಿನ್ನೆಯದು, ಹಾಗಾದರೆ ಸೂಪೂ ನಿನ್ನೆಯದೇ. ಎಲ್ಲಕ್ಕಿಂತ ಮುಖ್ಯ, ಮಧ್ಯಾಹ್ನ ಎರಡು ಗಂಟೆಗೆ ಯಾರ ಮುಖದಲ್ಲಿ ಸಿಡುಕಿಲ್ಲ ಎಂದು ನೋಡಬೇಕು. ಒಂದು ದಿನ ಗುಂಡಿ ಅಂಗಡಿಯ ಜಿಪುಣ ಮುದುಕ ಒಂದು ಓಣಿಯಿಂದ ಹಲ್ಲಿಗೆ ಕಡ್ಡಿ ಆಡಿಸುತ್ತ, ಒಬ್ಬನೇ ನಗುತ್ತ ಹೊರಬಂದ. ಅವನು ನಕ್ಕದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ಥಾನನ್ನು ಅಲ್ಲೇ ಗೋಡೆಗೆ ಒರಗಿಸಿ ಓಣಿಗೆ ನುಗ್ಗಿದೆ.

ಅರ್ಧ ಮುಚ್ಚಿದ ಕದದ ಹಿಂದೆ ಎರಡು ಒಲೆ, ನಾಲ್ಕು ಮೇಜು. ಬೋರ್ಡು ಇರಲಿಲ್ಲ. ಒಲೆಯ ಮುಂದೆ ದೋನ್ಯಾ ಸಬೀನಾ. ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದರು.

“ಏನ್ ಹೊತ್ಕೊಂಡ್ ಬಂದೆ, ಜೀನ್ಸ್ ಬಟ್ಟೇನಾ?”

“ಹೆಂಗ್ ಗೊತ್ತಾಯ್ತು?”

“ಕತ್ತು ಆಮೆ ಥರ ಒಳಗ್ ಹೋಗೈತೆ. ಕೂತ್ಕೋ.”

ಅವತ್ತು ಗುರುವಾರ. ಗುರುವಾರ ಪತಾಸ್ಕಾ: ಬಿಳಿ ಮೆಕ್ಕೆಜೋಳದ ಕಾಳು ಅರಳುವ ತನಕ ದನದ ತಲೆಮಾಂಸದ ಜೊತೆ ಬೇಯಿಸಿ, ಮೇಲೆ ಪುದೀನ ಹಾಕಿದ ಸೂಪು. ಬಟ್ಟಲು ಬರಿದಾಗುತ್ತಿದ್ದಂತೆ, ಕೇಳುವ ಮೊದಲೇ ಇನ್ನರ್ಧ ಸೌಟು ಬಿತ್ತು. ನಾವು ಅದನ್ನು ಯಾಪಾ ಅನ್ನುತ್ತೇವೆ. ದುಡ್ಡು ಕೊಟ್ಟದ್ದಕ್ಕಲ್ಲ, ಬಂದದ್ದಕ್ಕೆ ಸಿಗುವುದು ಅದು. ಹೊರಡುವಾಗ ಆಕೆ, “ನಾಳೆ ಬಾ ಕಸೇರೋ” ಎಂದರು. ಆ ಮಾತನ್ನು ನಮ್ಮ ಪೇಟೆಯಲ್ಲಿ ಯಾರಿಗೆಂದರೆ ಅವರಿಗೆ ಹೇಳುವುದಿಲ್ಲ. ಮಾರುವವಳು ಕಸೇರಾ, ಕೊಳ್ಳುವವನು ಕಸೇರೋ. ಇವನು ನನ್ನವನು, ಇವಳು ನನ್ನವಳು ಎಂದು ಒಪ್ಪಿಕೊಂಡಂತೆ. ಉಳಿದವರೆಲ್ಲ ಬರೀ ಸೆನ್ಯೋರ್.

ಆಮೇಲೆ ಹನ್ನೊಂದು ವರ್ಷ ನಾನು ಬೇರೆಲ್ಲೂ ಉಣ್ಣಲಿಲ್ಲ.

ಆಕೆ ಅಯಾಕುಚೋ ಕಡೆಯ ಬೆಟ್ಟದವರು. ಹತ್ತೊಂಬತ್ತಕ್ಕೆ ಲಿಮಾಕ್ಕೆ ಬಂದು, ಇಪ್ಪತ್ತೆರಡು ವರ್ಷ ಕಂಡವರ ದೊಡ್ಡ ಮನೆಗಳಲ್ಲಿ ಅಡಿಗೆ ಮಾಡಿದರು. ಅಲ್ಲೆಲ್ಲ ಅವರ ಹೆಸರು ಯಾರಿಗೂ ಬೇಕಿರಲಿಲ್ಲ. “ಏ ಹುಡುಗಿ” ಅನ್ನುತ್ತಿದ್ದರಂತೆ, ನಲವತ್ತು ವರ್ಷ ದಾಟಿದ ಮೇಲೂ. “ಈ ಓಣಿಗ್ ಬಂದ್ ಮೇಲೇನೇ ನಂಗೆ ನನ್ನ ಹೆಸ್ರು ವಾಪಸ್ ಸಿಕ್ಕಿದ್ದು” ಎಂದು ಒಮ್ಮೆ ಆಲೂಗಡ್ಡೆ ಸುಲಿಯುತ್ತ ಹೇಳಿದ್ದರು. ಉಪ್ಪು ನೋಡಲು ಸೂಪನ್ನು ಅಂಗೈಗೆ ಸುರಿದುಕೊಂಡು ನೆಕ್ಕುತ್ತಿದ್ದರು. ಭಾರ ಹೊತ್ತವನಿಗೆ ಮಜ್ಜೆಯ ಮೂಳೆ, ಕೂತು ಕೆಲಸ ಮಾಡುವವನಿಗೆ ಬರೀ ಕಾಳು. ಬಾಯಿ ಬಡಿಯುವವರಿಗೆಂದೇ ಒಂದು ಕಾಲು ಗಿಡ್ಡವಾದ ಸ್ಟೂಲು ಇಟ್ಟಿದ್ದರು. ಅದರ ಮೇಲೆ ಕೂತವನು ಬೀಳದಂತೆ ನೋಡಿಕೊಳ್ಳುವುದರಲ್ಲೇ ಮಾತು ಮರೆಯುತ್ತಿದ್ದ.

ಆ ಜಾಗಕ್ಕೆ ಹೊಸಬರನ್ನು ಕರೆತರುವುದಕ್ಕೆ ಒಂದೇ ಕಟ್ಟಳೆ: ಕರೆತಂದವನೇ ಅವರಿಗೆ ಹೊಣೆ.

ನೆಪ್ತಾಲಿ ಲೇಸು, ಎಲಾಸ್ಟಿಕ್ಕು ಮಾರುತ್ತಿದ್ದ. ಬಿಡುವಿನಲ್ಲಿ ‘ಹತ್ತು ಸೋಲಿಗೆ ಹೊಟ್ಟೆ ತುಂಬ’ ಅಂತ ಫೋನಿನಲ್ಲಿ ವಿಡಿಯೊ ಮಾಡಿ ಹಾಕುತ್ತಿದ್ದ. ಅವನು ತೋರಿಸಿದ ಜಾಗಗಳಲ್ಲಿ ಮುಕ್ಕಾಲು ಪಾಲು ನಾನು ಹುಡುಕಿ ಹೇಳಿದವೇ. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ದೋನ್ಯಾ ಸಬೀನಾರ ಓಣಿಯ ಬಗ್ಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ.

“ಏನ್ ಕಂಪಾದ್ರೆ, ಒಂದು ಗಂಟೆ ಆದ್ರೆ ಎಲ್ಲಿ ಮಾಯ ಆಗ್ತೀಯ? ಯಾರ್ನಾದ್ರೂ ಇಟ್ಕೊಂಡಿದ್ದೀಯಾ?”

“ಇಟ್ಕೊಂಡಿದ್ರೆ ಇಷ್ಟು ದಪ್ಪ ಆಗ್ತಿದ್ನಾ?”

“ಹಂಗಾದ್ರೆ ನಿನ್ನ ಮಗಳಿಗೆ ಅಪ್ಪನಂಗಿರೋನಿಗೆ ಒಂದು ತುತ್ತು ತೋರ್ಸೋಕಾಗಲ್ವಾ?”

ಹೆಣ್ಣುಮಕ್ಕಳ ಹದಿನೈದನೇ ಹುಟ್ಟುಹಬ್ಬ ನಮ್ಮಲ್ಲಿ ಮದುವೆಯಷ್ಟೇ ದೊಡ್ಡದು; ಯೆಸೇನಿಯಾಳದರ ಖರ್ಚಿಗೆ ಅವನು ಕೈಜೋಡಿಸಿದ್ದ ವಾರ ಅದು. ಇಲ್ಲ ಅನ್ನಲು ನಾಲಗೆ ಏಳಲಿಲ್ಲ. ಕರೆದುಕೊಂಡು ಹೋದೆ.

“ಇವ್ನ್ಯಾರು?” ದೋನ್ಯಾ ಸಬೀನಾ ಕೇಳಿದರು.

“ನನ್ನ ಕಂಪಾದ್ರೆ. ನನ್ನಂಥೋನೇ.”

“ನಿನ್ನಂಥೋನು ಒಬ್ನೇ ಸಾಕಾಗಿತ್ತಲ್ಲ ಫ್ರೊಯ್ಲಾನ್” ಎಂದು ಕಾಲಿನಿಂದ ಆ ಕುಂಟು ಸ್ಟೂಲನ್ನು ಅವನ ಕಡೆ ತಳ್ಳಿದರು. ಎಲ್ಲರೂ ನಕ್ಕರು. ನೆಪ್ತಾಲಿಯೂ ನಕ್ಕ, ಆಮೇಲೆ ಫೋನು ತೆಗೆದ. ಬೋರ್ಡಿನಲ್ಲಿರುವುದು ಆಕೆಯ ಆ ದಿನದ ನಗುವೇ.

ವಿಡಿಯೊ ಹಾಕಿದ ಎರಡು ವಾರದೊಳಗೆ ಓಣಿಯಿಂದ ಬೀದಿಯ ತನಕ ಸಾಲು ನಿಂತಿತು. ಸಿರಿವಂತರ ಮಿರಾಫ್ಲೋರೆಸ್ ಕಡೆಯ ಹುಡುಗ ಹುಡುಗಿಯರು ಬಟ್ಟಲ ಫೋಟೊ ಹಿಡಿದು ಅರ್ಧ ಬಿಟ್ಟು ಹೋಗುತ್ತಿದ್ದರು. ನಾವು ಹಮಾಲಿಗಳು ಗೋಡೆಗೊರಗಿ ನಿಂತು ಉಣ್ಣುತ್ತಿದ್ದೆವು. ನನಗೆ ರೇಗಿತು, ನೆಪ್ತಾಲಿಯ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಶಾಂತವಾಗಿ ಒಂದು ಕುರ್ಚಿ ಎಳೆದುಕೊಟ್ಟ.

“ಸಿಟ್ಟಾಗ್ಬೇಡ ಕಂಪಾದ್ರೆ. ಆ ಮುದುಕಿ ಸಾಯೋವರ್ಗೂ ಹೊಗೆ ಕುಡೀಬೇಕಾ? ಬೀದಿ ಮೇಲೆ ಒಳ್ಳೆ ಜಾಗ ನೋಡಿದೀನಿ. ಇಪ್ಪತ್ತು ಮೇಜು. ಅವ್ರು ಅಡಿಗೆ ಮಾಡ್ಲಿ, ಮಿಕ್ಕಿದ್ದು ನಾನು ನೋಡ್ಕೋತೀನಿ. ನಿಮ್ಮಂಥೋರಿಗೆ ಒಂದು ಮೇಜು ಬೇರೆ.”

ನನಗೆ ಸರಿ ಅನ್ನಿಸಿತು. ಹೌದು, ನನಗೇ ಸರಿ ಅನ್ನಿಸಿತು.

ಮುಂದಿನ ಗುರುವಾರ ಅವನು ಹೊಸ ಹೋಟೆಲಿನ ಕರಾರಿನ ಕಾಗದ ತಂದ. ನಾಲ್ಕು ಪುಟ. ದೋನ್ಯಾ ಸಬೀನಾರಿಗೆ ಅಕ್ಷರ ಬಾರದು. ಕೈ ಒರೆಸಿಕೊಂಡು ಅದನ್ನು ನನ್ನ ಮುಂದೆ ಇಟ್ಟರು.

“ಕಸೇರೋ, ನೀನು ಇಸ್ಕೂಲ್ ಕಂಡೋನು. ಓದ್ ಹೇಳು.”

ನಾನು ಓದಿದ್ದು ಮೂರನೇ ಕ್ಲಾಸು. ಓದಲು ಬರುತ್ತದೆ, ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ. ಒಂದು ಸಾಲು ಮುಗಿಯುವುದರೊಳಗೆ ಬೇರೆಯವರು ಒಂದು ಆಲೂಗಡ್ಡೆ ತಿಂದು ಮುಗಿಸುತ್ತಾರೆ. ಸುತ್ತ ನನ್ನ ಜೊತೆಯ ಹಮಾಲಿಗಳು ಚಮಚ ಎತ್ತಿ ಕಾಯುತ್ತಿದ್ದರು. ಬಾಗಿಲಲ್ಲಿ ಸಾಲು ಗಲಾಟೆ ಮಾಡುತ್ತಿತ್ತು. ಮೊದಲ ಸಾಲಿಗೆ ಬೆರಳಿಟ್ಟೆ.

“ಏನ್ ಕಂಪಾದ್ರೆ, ಕಾಗುಣಿತದಿಂದ ಶುರು ಮಾಡ್ತೀಯಾ?” ನೆಪ್ತಾಲಿ ಅಂದ. ನಗೆ ಎದ್ದಿತು.

ಕಿವಿ ಬಿಸಿಯಾಯಿತು. ಬೆರಳು ತೆಗೆದೆ. ಓದು ಬಲ್ಲವರ ಹಾಗೆ ಕಣ್ಣು ಓಡಿಸಿ ಒಂದೊಂದೇ ಪುಟ ತಿರುವಿದೆ.

“ಸರಿಯಾಗೈತೆ ಕಸೇರಾ. ಒತ್ತಮ್ಮ.”

“ಎಲ್ಲಾ ಓದ್ದ್ಯಾ?”

“ಎಲ್ಲಾ.”

ಆಕೆ ಹೆಬ್ಬೆಟ್ಟು ಒತ್ತಿದರು. ಆಮೇಲೆ ಆ ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು ನನ್ನ ಬಟ್ಟಲಿಗೆ ಎರಡು ಸಲ ಯಾಪಾ ಹಾಕಿದರು, ಮಜ್ಜೆಯ ಮೂಳೆಯ ಸಮೇತ. ಅದನ್ನು ನಾನು ಚೀಪಿ ತಿಂದೆ.

ಹೊಸ ಹೋಟೆಲಿನಲ್ಲಿ ಆಕೆ ಇದ್ದದ್ದು ಐದು ವಾರ. ಮೊದಲು ನಮ್ಮ ಮೇಜು ಹೋಯಿತು. ಆಮೇಲೆ ಮೆಕ್ಕೆಜೋಳ ಡಬ್ಬಿಯದಾಯಿತು. ಕಡೆಗೆ ನೆಪ್ತಾಲಿ ಅಳತೆಯ ಸೌಟೊಂದನ್ನು ತಂದು ಕೊಟ್ಟ: ಬಟ್ಟಲಿಗೆ ಎರಡು, ಅಷ್ಟೇ, ಯಾಪಾ ಇಲ್ಲ.

“ಅವ್ನು ಬೆಳಿಗ್ಗೆಯಿಂದ ಹೊತ್ತಿದಾನಪ್ಪ” ಎಂದರು ಆಕೆ, ನನ್ನ ಬಟ್ಟಲು ಹಿಡಿದುಕೊಂಡು.

“ಎಲ್ರೂ ಏನೋ ಒಂದು ಹೊತ್ತೇ ಇರ್ತಾರೆ ದೋನ್ಯಾ. ಇದು ಧರ್ಮಛತ್ರ ಅಲ್ಲ.”

ದೋನ್ಯಾ ಸಬೀನಾ ಅಳತೆಯ ಸೌಟನ್ನು ಸೂಪಿನೊಳಗೆ ಬಿಟ್ಟರು. ಅದು ಮುಳುಗಿತು. ಏಪ್ರನ್ ಬಿಚ್ಚಿ ಮಡಿಸಿ ಇಟ್ಟು, “ನನ್ನ ಓಣಿಗೆ ಹೋಗ್ತೀನಿ” ಎಂದರು.

“ಯಾವ ಓಣಿ? ಅದೀಗ ನನ್ನ ಉಗ್ರಾಣ” ಎಂದ ನೆಪ್ತಾಲಿ. “ಕಾಗದ ನೋಡ್ಕೊಳ್ಳಿ. ಹೆಸ್ರು ಹೋಟ್ಲಿಂದು, ಮುಖಾನೂ ಹೋಟ್ಲಿಂದು. ನಿಮ್ಮ ಕಸೇರೋನೇ ಓದಿ ಹೇಳಿದ್ನಲ್ಲ!”

ಆಕೆ ನನ್ನ ಕಡೆ ತಿರುಗಿದರು. ಈ ಸಲ ಹೆಗಲು ನೋಡಲಿಲ್ಲ, ಮುಖ ನೋಡಿದರು. ಆಮೇಲೆ ಹೊರಟುಹೋದರು.

ನಾನು ಉಗ್ರಾಣಕ್ಕೆ ನುಗ್ಗಿ ಆ ಕುಂಟು ಸ್ಟೂಲು ತಂದು ಬೋರ್ಡಿಗೆ ಬೀಸಿದೆ. ಬಲಮೂಲೆಯ ತಗ್ಗು ಇನ್ನೂ ಇದೆ, ಹೋದರೆ ನೋಡಬಹುದು. ಪೊಲೀಸು ಬಂದ. ನೆಪ್ತಾಲಿ ನನ್ನ ಹೆಗಲ ಮೇಲೆ ಕೈ ಹಾಕಿ ಅವನಿಗೆ ಹೇಳಿದ: “ಬಿಡಿ ಸಾರ್, ಮನೆಯವ್ನೇ. ನನ್ನ ಕಂಪಾದ್ರೆ.” ಒದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ದೋನ್ಯಾ ಸಬೀನಾರ ಪಾಲಿನ ಕಾಗದ ಹೋಟೆಲಿನಲ್ಲಿ ಬಿಟ್ಟುಹೋದ ಅವರ ಸಕ್ಕರೆ ಡಬ್ಬಿಯಲ್ಲೇ ಉಳಿದಿತ್ತು. ತೆಗೆದುಕೊಂಡೆ. ಭಾನುವಾರಗಳಲ್ಲಿ ಮನೆಯ ಬಾಗಿಲು ಹಾಕಿಕೊಂಡು, ಬೆರಳಿಟ್ಟು, ಯಾರ ಹಂಗೂ ಇಲ್ಲದೆ ಓದಿದೆ. ಎಂಟು ಭಾನುವಾರ ಹಿಡಿಯಿತು. ಮೋಸ ಎರಡನೇ ಪುಟದಲ್ಲಿತ್ತು: ಆಕೆ ತನ್ನ ಹೆಸರಲ್ಲಿ ಬೇರೆ ಒಲೆ ಹೂಡುವಂತಿಲ್ಲ. ಆದರೆ ಮೂರನೇ ಪುಟದ ಕೊನೆಗೆ ಇನ್ನೊಂದು ಮಾತಿತ್ತು: ಈ ತಡೆ ಗಮಾರಾ ಪೇಟೆಯೊಳಗೆ ಮಾತ್ರ. ಹೊರಗೆ ಎಲ್ಲಿ ಬೇಕಾದರೂ ಆಕೆ ತನ್ನ ಹೆಸರಲ್ಲೇ ಒಲೆ ಹೂಡಬಹುದು. ಇದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹುಡುಕಲು ಹೊರಟೆ. ಆಕೆಯ ಬಾಡಿಗೆ ಕೋಣೆ ಖಾಲಿಯಾಗಿತ್ತು. ನನಗೆ ಗೊತ್ತಿದ್ದುದು ಒಂದೇ ವಿದ್ಯೆ. ಲಿಮಾದ ಬಸ್ ನಿಲ್ದಾಣ, ಸಂತೆ, ಲಾರಿ ತಂಗುವ ಜಾಗಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಿಂತು ಮುಖಗಳನ್ನು ನೋಡಿದೆ. ಒಂದೂವರೆ ವರ್ಷ, ಬಿಡುವಿದ್ದ ದಿನವೆಲ್ಲ. ಕಡೆಗೊಂದು ಗುರುವಾರ, ಊರ ತುದಿಯ ಗುಡ್ಡದ ಬುಡದಲ್ಲಿ ಬಸ್ಸುಗಳು ತಿರುಗುವ ಕಡೆ, ಇಬ್ಬರು ಕಂಡಕ್ಟರುಗಳು ಜಗಳವಾಡದೆ ನಿಂತದ್ದು ಕಂಡಿತು. ಗಾಳಿಯಲ್ಲಿ ಪುದೀನ.

ತಳ್ಳುಗಾಡಿ, ಒಂದು ಒಲೆ. ಎರಡು ಜಡೆ ಪೂರ್ತಿ ಬೆಳ್ಳಗಾಗಿದ್ದವು.

“ರೋಸಾ ಕಸೇರಾ, ನಂಗೆ ಯಾಪಾ!” ಕಂಡಕ್ಟರ್ ಕೂಗಿದ.

“ಯಾಪಾ ಬೇಕಂದ್ರೆ ಟಿಕೇಟ್ ತೋರ್ಸು” ಎಂದು ಆಕೆ ಅರ್ಧ ಸೌಟು ಸುರಿದರು.

ರೋಸಾ. ತನ್ನ ಹೆಸರನ್ನೂ ಬಿಟ್ಟುಕೊಟ್ಟಾಯಿತೆಂದು ಆಕೆ ನಂಬಿದ್ದರು.

ಹೋಗಿ ಮುಂದೆ ನಿಂತೆ. ಸೌಟು ಒಂದು ಗಳಿಗೆ ನಿಂತಿತು.

“ಕೂತ್ಕೊಳ್ಳಿ ಸೆನ್ಯೋರ್” ಎಂದರು. ಹನ್ನೊಂದು ವರ್ಷ ನನ್ನನ್ನು ನೀನು ಎಂದವರು.

ಬಟ್ಟಲು ಕೊಟ್ಟರು. ಅದೇ ರುಚಿ. ನಾನು ಕಾಗದ ಬಿಚ್ಚಿದೆ.

“ಕಸೇರಾ, ಇದನ್ನ ಈಗ ಪೂರ್ತಿ ಓದಿದೀನಿ. ಮೂರನೇ ಪುಟದಲ್ಲಿ ನಿಮ್ಮ ಹೆಸ್ರು…”

“ನನ್ನ ಹೆಸ್ರು ರೋಸಾ. ಸೂಪು ಆರ್ತೈತೆ ಸೆನ್ಯೋರ್.”

“ಒಂದೇ ಸಾಲು, ಕೇಳಮ್ಮ.”

“ಅವತ್ತು ಕೇಳಿದ್ದೆ” ಎಂದು ನನ್ನ ಹಿಂದೆ ನಿಂತವನ ಬಟ್ಟಲಿಗೆ ಕೈ ಚಾಚಿದರು.

ಉಂಡು ಮುಗಿಸಿದೆ. ಬರಿದಾದ ಬಟ್ಟಲನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಏನೂ ಬೀಳಲಿಲ್ಲ. ಹಣ ತೆಗೆದುಕೊಂಡು ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಕೊಟ್ಟರು.

ಈಗಲೂ ಗುರುವಾರ ಹೋಗುತ್ತೇನೆ, ಎರಡು ಬಸ್ ಬದಲಿಸಿ. ಕಾಗದ ಜೇಬಿನಲ್ಲಿರುತ್ತದೆ, ಮಡಿಕೆಗಳಲ್ಲಿ ಹರಿದಿದೆ, ಆದರೆ ಮೂರನೇ ಪುಟ ಬಾಯಿಪಾಠವಾಗಿದೆ. ಆಕೆಗೆ ನಾನು ಓದಿ ಹೇಳಬೇಕಾದದ್ದು ಇನ್ನೂ ಬಾಕಿ ಇದೆ.