ಒಂಟಿ ಬೀಜದೆಲೆ

ಖಾಲ್ತಿ ಮೆನ್ನಾನಳ ಕೈಗುಣದ ಬಗ್ಗೆ ನಮ್ಮ ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಲೋಟದ ಚಹಾ ಆರಿಹೋಗುವಷ್ಟು ಹೊತ್ತು ಹೇಳುತ್ತಾರೆ. ಖಾಲ್ತಿ ಎಂದರೆ ಚಿಕ್ಕಮ್ಮ. ಅವಳಿಗೆ ಇಲ್ಲಿ ರಕ್ತಸಂಬಂಧಿಗಳು ಯಾರೂ ಇರಲಿಲ್ಲ, ಆದರೂ ತಿದ್ಗೀನ್ ಬೆಟ್ಟದ ಈ ಮಗ್ಗುಲಿನ ಮೂವತ್ತು ಮನೆಗೂ ಅವಳು ಚಿಕ್ಕಮ್ಮನೇ. ಊರ ಸೂಲಗಿತ್ತಿ ಅವಳು, ನಲವತ್ತು ವರ್ಷದೊಳಗಿನವರಲ್ಲಿ ಬಹುಪಾಲು ಅವಳ ಕೈಗೇ ಹುಟ್ಟಿದವರು. ಮೆಟ್ಟಿಲು ಹೊಲಗಳಲ್ಲಿ ಕಿಫ್ ಮೊಳೆತಾಗ, ಅಂದರೆ ನೀವು ಗಾಂಜಾ ಅನ್ನುತ್ತೀರಲ್ಲ ಅದರ ಸಸಿ ತಲೆಯೆತ್ತಿದಾಗ, ಆಗಲೂ ಅವಳಿಗೇ ಕರೆ ಹೋಗುತ್ತಿತ್ತು. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ಅವಳಷ್ಟು ಬಲ್ಲವರು ಇರಲಿಲ್ಲ.

ನಾನೂ ಅವಳ ಕೈಗೇ ಹುಟ್ಟಿದವಳು. ಹೆಸರು ರಹೀಮೊ, ವಯಸ್ಸು ಇಪ್ಪತ್ತೇಳು. ನನ್ನ ಎಡಗೈ ಹುಟ್ಟಿದ ದಿನದಿಂದ ಹೆಗಲಿಂದ ಜೋತು ಬಿದ್ದಿದೆ. ಅವಳ ಬದುಕನ್ನು ಹೇಳಬೇಕೆಂದರೆ ಈ ಕೈಯ ವಿಷಯ ಹೇಳಲೇಬೇಕು.

ಊರವರ ಪ್ರಕಾರ ಈ ಕೈಗೆ ಕಾರಣ ನನ್ನ ಅವ್ವ ತಾಮೊ. ಬಸುರಿಯಾಗಿದ್ದಾಗ ಅವಳು ಬಿಸ್ಮಿಲ್ಲಾ ಹೇಳದೆ ಕುದಿಯುವ ನೀರನ್ನು ಬಚ್ಚಲಿಗೆ ಸುರಿದಳಂತೆ, ಅಲ್ಲಿದ್ದ ಜಿನ್ನಿನ ಮಗುವಿಗೆ ಕೈ ಸುಟ್ಟಿತಂತೆ, ಅದು ನನ್ನ ಕೈ ತಗೊಂಡು ಲೆಕ್ಕ ಚುಕ್ತಾ ಮಾಡಿತಂತೆ. ಅವ್ವನಿಗೆ ಹಾಗೆ ಸುರಿದ ನೆನಪೇ ಇರಲಿಲ್ಲ. ಆದರೆ ಸುರಿದಿಲ್ಲ ಎಂದು ಆಣೆ ಮಾಡಿ ಹೇಳುವ ಹೆಂಗಸು ಯಾವ ಅಡುಗೆಮನೆಯಲ್ಲಿದ್ದಾಳೆ? "ಸುರಿದಿರಬಹುದು" ಅಂದಳು. ಆ ಒಂದು ಮಾತು ಅವಳನ್ನು ಇಪ್ಪತ್ತನಾಲ್ಕು ವರ್ಷ ತಿಂದಿತು.

ಆಮೇಲೆ ಅವಳು ಬಿಸಿನೀರು ಚೆಲ್ಲಲೇ ಇಲ್ಲ. ಕಾಳು ಬೇಯಿಸಿದ ನೀರನ್ನು ಬಚ್ಚಲ ಪಕ್ಕ ಇಟ್ಟುಕೊಂಡು, ಅದು ಪೂರ್ತಿ ಆರುವವರೆಗೆ ನಿಂತೇ ಇರುತ್ತಿದ್ದಳು. ಗುರುವಾರ ಬಂದರೆ ಸಂತರ ಗೋರಿಗೆ ಮೇಣದಬತ್ತಿ. ಅಪ್ಪ ಅಯ್ಯಾಶಿ ಕೆಟ್ಟವನಲ್ಲ, ಆದರೆ ಸಿಟ್ಟು ಬಂದಾಗ "ನಿನ್ನ ಕೈ ಮುಟ್ಟಿದ್ದು ಯಾವುದು ನೆಟ್ಟಗಿದೆ?" ಎಂದುಬಿಡುತ್ತಿದ್ದ. ನಾನೇನು ಸಾಚಾ ಅಲ್ಲ. ಹದಿನೈದನೇ ವಯಸ್ಸಿನಲ್ಲಿ, ನನ್ನನ್ನು ನೋಡಲು ಬಂದವರು ಕೈ ಕಂಡು ಎದ್ದುಹೋದ ದಿನ, ನಾನೂ ಅದನ್ನೇ ಅವಳ ಮುಖಕ್ಕೆ ಎಸೆದೆ. ಅವಳು ಎದ್ದು ಬಚ್ಚಲ ಪಕ್ಕದ ಬಿಸಿನೀರಿನ ಹತ್ತಿರ ಹೋಗಿ ನಿಂತಳು. ಮೂರು ವರ್ಷದ ಕೆಳಗೆ ಕೆಮ್ಮಿನಲ್ಲಿ ಹೋದಳು.

ಹೋದ ವಸಂತದಲ್ಲಿ ನಮ್ಮ ಕಿಫ್ ಬೀಜ ಕೆಟ್ಟಿತು. ಅವ್ವ ಇದ್ದಾಗ ಬೀಜವನ್ನು ಮಣ್ಣಿನ ಮಡಕೆಯಲ್ಲಿ, ಬಾರ್ಲಿಯ ನಡುವೆ ತಂಪಾಗಿ ಇಡುತ್ತಿದ್ದಳು. ಅಪ್ಪ ಡಬ್ಬಿಗೆ ತುಂಬಿ ರೊಟ್ಟಿ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟುಬಿಟ್ಟಿದ್ದ. ಬೀಜ ಒಣಗಿ ಸಿಪ್ಪೆ ಕಲ್ಲಾಗಿತ್ತು. ಹತ್ತು ಬಿತ್ತಿದರೆ ನಾಲ್ಕು ಮೊಳೆತವು, ಆ ನಾಲ್ಕರಲ್ಲಿ ಮೂರು ಸೊಟ್ಟ. ಕೆಲವು ಸಿಪ್ಪೆಯನ್ನು ತಲೆಗೆ ಟೋಪಿಯ ಹಾಗೆ ಹೊತ್ತುಕೊಂಡೇ ಎದ್ದಿದ್ದವು, ಒಳಗೆ ಮೊಳಕೆಯ ಮೊದಲ ಎಲೆಗಳಾದ ಎರಡು ಬೀಜದೆಲೆಗಳೂ ಅಂಟಿಕೊಂಡು ಹಳದಿಯಾಗುತ್ತಿದ್ದವು. ಕೆಲವಕ್ಕೆ ಎಲೆಯ ಅಂಚು ಸುಟ್ಟಂತೆ ಮುರುಟಿತ್ತು, ಒಂದೆರಡಕ್ಕೆ ಮೂರು ಬೀಜದೆಲೆ. ಪಕ್ಕದ ಹೊಲದ ಜೊಹ್ರಾ ಬಂದು ನೋಡಿ, "ಅಯ್ಯಾಶಿ, ಇದೇನು ಹೊಲವೋ ಆಸ್ಪತ್ರೆಯೋ? ಎಲ್ಲಾ ಕಿತ್ತಾಕಿ ಹೊರಗಿನ ಬೀಜ ತಗೊಂಬಾ" ಅಂದಳು. ಅಪ್ಪ ಒಪ್ಪಲಿಲ್ಲ. ಅದು ನಮ್ಮ ಅಜ್ಜಂದಿರ ಕಾಲದ ಊರ ಬೀಜ, ಕಿತ್ತರೆ ಅಲ್ಲಿಗೆ ಮುಗಿಯಿತು. ಖಾಲ್ತಿಯನ್ನು ಕರೆತರಲು ನನ್ನನ್ನು ಕಳಿಸಿದ.

ಎಪ್ಪತ್ತೊಂಬತ್ತರ ಮುದುಕಿ ಸೊಂಟಕ್ಕೆ ಕೆಂಪು ಬಿಳಿ ಪಟ್ಟೆಯ ಬಟ್ಟೆ ಬಿಗಿದುಕೊಂಡು ಬಂದು ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಂದನ್ನೂ ಕೀಳಗೊಡಲಿಲ್ಲ.

"ಬೀಜದೆಲೆ ಅಂದ್ರೆ ಇದಕ್ಕೆ ತಾಯಿ ಹಾಲು ಕಣೇ. ಎರಡು ವಾರ ಕುಡಿಯತ್ತೆ, ಆಮೇಲೆ ಅದೇ ಉದುರಿಹೋಗತ್ತೆ. ಅರ್ಧ ಎಲೆ ಇದ್ರೂ ಸಾಕು, ಬದುಕ್ಕೊಳ್ಳತ್ತೆ. ಸ್ವಲ್ಪ ಹಿಂದೆ ಬೀಳತ್ತೆ ಅಷ್ಟೆ."

"ಮತ್ತೆ ಈ ಟೋಪಿ ಹಾಕ್ಕೊಂಡಿರೋ ನವಾಬರು?" ಎಂದೆ.

"ಎಂಜಲು ಹಚ್ಚು. ಸುಮ್ನೆ ಕೂತ್ಕೋ. ಸಿಪ್ಪೆ ನೆನೆದ್ಮೇಲೆ ಉಗುರಲ್ಲಿ ಹೀಗೆ ಸವರು. ಬರಲಿಲ್ವಾ, ಬಿಡು, ನಾಳೆ ಬಾ. ಎಳೀಬೇಡ. ಏನೇ ಆಗ್ಲಿ ಎಳೀಬೇಡ."

ನಾನು ಒಂದು ಕೈಯಲ್ಲಿ, ಅವಳು ಎರಡು ಕೈಯಲ್ಲಿ, ಹೀಗೆ ಎರಡು ಸಾಲು ಮುಗಿಸಿದ್ದೆವು. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ಅಪ್ಪ ಕೂಗಿದ: "ಆಲಿಕಲ್ಲು ಮೋಡ ಬಂತು! ಬೇಗ ಬೇಗ ಮುಗಿಸ್ರೇ, ಹುಲ್ಲು ಹೊದಿಸ್ಬೇಕು!"

ಆ ಕೂಗಿಗೆ ಮೆನ್ನಾನಳ ಬೆರಳು ಬೆಚ್ಚಿತು. ಅವಳು ಎಳೆದಳು. ಸಿಪ್ಪೆಯ ಜೊತೆ ಒಂದು ಬೀಜದೆಲೆ ಕಿತ್ತು ಬಂತು. ಸಸಿ ಉಳಿದ ಒಂದೇ ಎಲೆಯನ್ನು ಪಕ್ಕಕ್ಕೆ ಚಾಚಿಕೊಂಡು ನಿಂತಿತು. ಸದ್ದು ಬಂದದ್ದು ನನಗಂತೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

"ಮತ್ತೆ ಅದೇ ಸದ್ದು," ಅಂದಳು. ಮುಖ ಬೂದಿಯಾಗಿತ್ತು. "ಮಗಳೇ, ನಿನ್ನವ್ವ ನೀರು ಸುರೀಲಿಲ್ಲ."

ಆಲಿಕಲ್ಲು ಬಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಅವಳು ಹೇಳಿದ್ದು ಮಾತ್ರ ಒಂದೊಂದಕ್ಷರ ನೆನಪಿದೆ.

ನಾನು ಹುಟ್ಟಿದ ದಿನ ಬೆಳಿಗ್ಗೆ ಎದುರು ಗುಡ್ಡದಿಂದ "ಮೇಕೆ ತಪ್ಪಿಸ್ಕೊಂಡಿದೆ" ಎಂಬ ಕೂಗು ಬಂತಂತೆ. ಆ ಕಾಲದಲ್ಲಿ ದಾರಿಯಲ್ಲಿ ಗಾಡಿ ಕಂಡರೆ, ಪೊಲೀಸರದಿರಬಹುದೆಂದು, ಗುಡ್ಡದಿಂದ ಗುಡ್ಡಕ್ಕೆ ಹಾಗೆ ಕೂಗುತ್ತಿದ್ದರು. ಕೇಳಿದ ತಕ್ಷಣ ಗಂಡಸರು ದೇವದಾರು ಕಾಡಿಗೆ ಓಡುತ್ತಿದ್ದರು, ಹೆಂಗಸರು ಕಿಫ್ ಮೂಟೆ ಸಾಗಿಸುತ್ತಿದ್ದರು. ಅಪ್ಪನ ಮೇಲೆ ವಾರಂಟ್ ಇತ್ತು. ಮೂಟೆಗಳು ಅವ್ವ ಮಲಗಿದ್ದ ಚಾಪೆಯ ಹಿಂದೆಯೇ ಇದ್ದವು. ನನ್ನ ತಲೆ ಹೊರಗೆ ಬಂದಿತ್ತು, ಭುಜ ಇನ್ನೂ ತಿರುಗಿರಲಿಲ್ಲ.

"ಇನ್ನೊಂದು ನೋವು ಬರೋತನಕ ಕಾಯ್ಬೇಕಿತ್ತು," ಅಂದಳು ಮೆನ್ನಾನ. "ನಂಗೆ ಗೊತ್ತಿತ್ತು. ಪೊಲೀಸರು ಬರೋದ್ರೊಳಗೆ ನಿನ್ನವ್ವನ್ನ ಆ ಮನೆಯಿಂದ ಆಚೆ ಸಾಗಿಸ್ಬೇಕು ಅಂತ ತಲೇಲಿ. ಎಳೆದೆ. ಕುತ್ತಿಗೆ ಹತ್ರ ಏನೋ ಲಟಕ್ ಅಂತು."

"ಆಮೇಲೆ?"

"ಗಾಡಿ ಬಾಗಿಲಿಗೇ ಬಂತು. ಪೊಲೀಸರಲ್ಲ. ಮಕ್ಕಳಿಗೆ ಸೂಜಿ ಚುಚ್ಚೋ ನರ್ಸಮ್ಮ, ಡಬ್ಬಿ ಹಿಡ್ಕೊಂಡು. 'ಮಗು ಹುಟ್ಟಿತಾ, ನೋಡ್ಲಾ?' ಅಂದ್ಲು. ನಾನು ನಿನ್ನನ್ನ ಕೈ ಕಾಣದ ಹಾಗೆ ಬಿಗಿದು ಸುತ್ತಿದ್ದೆ. 'ಎಲ್ಲಾ ಚೆನ್ನಾಗಿದೆ ಹೋಗಮ್ಮಾ' ಅಂದೆ."

ಅದಕ್ಕೂ ಮುಂಚೆ ಅವಳ ಕೈಯಲ್ಲಿ ಒಂದು ಮಗುವೂ ಕೆಟ್ಟಿರಲಿಲ್ಲ. ನಲವತ್ತನೇ ದಿನ ಸುತ್ತಿದ ಬಟ್ಟೆ ಬಿಚ್ಚಿ, ಕೈ ಏಳದ್ದನ್ನು ಎಲ್ಲರೂ ಕಂಡಾಗ, ಬಚ್ಚಲಿಗೆ ಬಿಸಿನೀರು ಸುರಿದೆಯಾ ಎಂದು ಮೊದಲು ಕೇಳಿದವಳೂ ಇದೇ ಮೆನ್ನಾನ. ಅವ್ವ "ಸುರಿದಿರಬಹುದು" ಅಂದದ್ದು ಅವಳಿಗೇ.

ಆಮೇಲಿಂದ ಅವಳು ಹಿಡಿದ ಪ್ರತಿ ಕೂಸಿನ ಎರಡೂ ಕೈಗಳನ್ನು ಮೊದಲು ಮೇಲಕ್ಕೆತ್ತಿ ನೋಡುತ್ತಿದ್ದಳು. ಅದನ್ನು ಕಂಡವರು ಅದೊಂದು ಶಾಸ್ತ್ರ ಎಂದುಕೊಂಡರು. ಈಗ ಆಸ್ಪತ್ರೆಯಲ್ಲಿ ಹೆತ್ತು ಬಂದವರೂ ಕೂಸಿನ ಕೈ ಎತ್ತಿಸುತ್ತಾರೆ, ಹಿರಿಯರ ಕಾಲದ್ದು ಅನ್ನುತ್ತಾರೆ. ಆ ಶಾಸ್ತ್ರಕ್ಕೂ ನನಗೂ ಒಂದೇ ವಯಸ್ಸು.

"ನಿನ್ನವ್ವ ಹೋದ್ಮೇಲೆ ನಿಮ್ಮ ಬಚ್ಚಲ ಕಡೆ ನೋಡೋಕಾಗಲ್ಲ ನಂಗೆ," ಅಂದಳು. "ನಿಂತಿರ್ತಾಳೆ. ಹಗಲಲ್ಲೇ. ಮಾತಾಡಲ್ಲ, ಬಯ್ಯಲ್ಲ. ನೀರು ಆರ್ಲಿ ಅಂತ ಕಾಯ್ತಾ ನಿಂತಿರ್ತಾಳೆ. ಮಾಫ್ ಮಾಡ್ಬಿಡು ಮಗಳೇ."

ನನಗೆ ಅವಳೆಂದರೆ ಪ್ರಾಣ. ಅವ್ವ ಗೋರಿಗೆ ಹೋದ ಗುರುವಾರಗಳಲ್ಲಿ ಬಿಸಾರ ಎಂಬ ಕಾಳಿನ ಗಂಜಿಯಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟವಳು ಇವಳೇ. ಆದರೂ ಆ ಗಳಿಗೆಯಲ್ಲಿ ಅವಳ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

"ನಂಗೆ ಹೇಳಿ ಏನುಪಯೋಗ? ನನ್ನ ಕೈ ಬಿಡು, ಅದು ಇಷ್ಟೇ. ಊರ ಮುಂದೆ ಹೇಳು. ನಮ್ಮವ್ವ ಏನೂ ಮಾಡಿಲ್ಲ ಅಂತ ಹೇಳು."

ಅವಳು ಹೇಳಿದಳು. ಜೀವಮಾನವೆಲ್ಲ ಸಂಪಾದಿಸಿದ ಹೆಸರನ್ನು ಬಿಟ್ಟುಕೊಡಲು ಒಂದೇ ಒಂದು ದಿನ ತಗೊಂಡಳು, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಮರುದಿನ ಜೊಹ್ರಾಳ ಹೊಲದಲ್ಲಿ ಒತ್ತಾದ ಸಸಿ ಕೀಳಲು ಹದಿನಾಲ್ಕು ಹೆಂಗಸರು ಸೇರಿದ್ದರು, ಅಪ್ಪ ಹೇಸರಗತ್ತೆಯಿಂದ ಗೊಬ್ಬರ ಇಳಿಸುತ್ತಿದ್ದ. ಮೆನ್ನಾನ ನಡುವೆ ನಿಂತು, ಕೂಗಿನಿಂದ ಹಿಡಿದು ಬಚ್ಚಲವರೆಗೆ, ಒಂದನ್ನೂ ಬಿಡದೆ ಹೇಳಿದಳು.

ಜೊಹ್ರಾ ಎದ್ದು ಬಂದು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಈ ಕೈಗಳಾ? ಈ ಕೈ ಮೇಲೆ ಯಾಕೆ ಸುಳ್ಳು ಹಾಕ್ಕೋತೀಯಾ ಖಾಲ್ತಿ? ಈ ಹುಡುಗಿ ಅಳ್ತಾಳೆ ಅಂತ ತಾನೇ?" ಆಮೇಲೆ ನನ್ನ ಕಡೆ ತಿರುಗಿದಳು. "ನಾಚ್ಕೆ ಆಗಲ್ವೇನೇ, ಮುದುಕಿ ಬಾಯಲ್ಲಿ ಇಂಥದ್ದು ಹೇಳ್ಸೋಕೆ?"

"ಸುಳ್ಳಲ್ಲ ಕಣ್ರೇ! ದೇವರಾಣೆ!" ಎಂದು ಮೆನ್ನಾನ ಕಿರುಚಿದಳು. ಕಿರುಚಿದಷ್ಟೂ ಅವರ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ ಹೆಚ್ಚಿತು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಗೊಬ್ಬರದ ಬುಟ್ಟಿ ನೋಡುತ್ತಿದ್ದ. ನಂಬಿಬಿಟ್ಟರೆ ಇಪ್ಪತ್ತನಾಲ್ಕು ವರ್ಷ ಆಡಿದ ಮಾತುಗಳನ್ನು ಅವನು ಎಲ್ಲಿಗೆ ಹೊತ್ತು ಹಾಕಬೇಕು?

"ಇನ್ನೇನು ಮಾಡ್ಲೇ?" ಎಂದು ವಾಪಸು ಬರುವ ದಾರಿಯಲ್ಲಿ ಮೆನ್ನಾನ ಕೇಳಿದಳು.

"ಮತ್ತೆ ಹೇಳು," ಎಂದೆ. ನಾನು ಕಲ್ಲಾಗಿದ್ದೆ.

ಬೇಸಿಗೆಯೆಲ್ಲ ಹೇಳಿದಳು. ನೀರಿನ ಚಿಲುಮೆಯಲ್ಲಿ, ರೊಟ್ಟಿ ಒಲೆಯ ಮುಂದೆ, ಮದುವೆಮನೆಯಲ್ಲಿ. ಮೊದಲು ಸಮಾಧಾನ ಮಾಡುತ್ತಿದ್ದವರು ಆಮೇಲೆ ಮಾತು ಮರೆಸಿ ಚಹಾ ಕೊಡತೊಡಗಿದರು. ನಮ್ಮ ಹೊಲದ ಸೊಟ್ಟ ಸಸಿಗಳು ಜೂನ್ ಹೊತ್ತಿಗೆ ಸೊಂಟದೆತ್ತರ ಬಂದವು. ಒಂಟಿ ಎಲೆಯದು ಯಾವುದು, ಮೂರೆಲೆಯದು ಯಾವುದು ಎಂದು ನನಗೇ ಗುರುತು ಹತ್ತಲಿಲ್ಲ. ಅವುಗಳ ನಡುವೆ ನಿಂತಾಗ ನನಗೆ ಹೊಟ್ಟೆಕಿಚ್ಚಾಯಿತು, ಗಿಡದ ಮೇಲೆ.

ಮೊದಲ ಹಿಮ ಬಿದ್ದ ವಾರ ಮೆನ್ನಾನ ತೀರಿಕೊಂಡಳು. ಹೆಣ ತೊಳೆಯಲು ನಾಲ್ವರು ಕೂತೆವು. ನಾನು ಬಲಗೈಯಲ್ಲಿ ತಂಬಿಗೆ ಹಿಡಿದು ನೀರು ಹಾಕುತ್ತಿದ್ದೆ, ಜೊಹ್ರಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುತ್ತಿದ್ದಳು.

"ಎಂಥಾ ಪುಣ್ಯಾತ್ಗಿತ್ತಿ," ಅಂದಳು ಜೊಹ್ರಾ ಮೂಗೊರೆಸಿಕೊಂಡು. "ಹೋಗೋವಾಗ ತಾಮೊ ಮಾಡಿದ ಪಾಪಾನೂ ತನ್ನ ತಲೆ ಮೇಲೆ ಹಾಕ್ಕೊಂಡು ಹೋದ್ಲು."

"ನಮ್ಮವ್ವ ಪಾಪ ಮಾಡಿಲ್ಲ," ಎಂದೆ.

"ಹೂಂ ಕಣಮ್ಮಾ," ಅಂದಳು, ಮಕ್ಕಳಿಗೆ ಅನ್ನುವ ಹಾಗೆ. "ನೀರು ಹಾಕು."